ಕರಿ ವಯರಿಗೂ ನೀಲಿ ವಯರಿಗೂ ಗಂಟು ಹಾಕಿದ ಕಾಲ

ವಯರು ಎಳೆಯೋ ಕೆಲಸದಲ್ಲಿ ನಗೋದಕ್ಕೆ ಏನಿದೆ ಅಂತ ಕೇಳುವವರಿದ್ದಾರೆ. ಸಾಗರದಲ್ಲಿ ಅಂಗಡಿ ಇಟ್ಟುಕೊಂಡು, ಹೊಸನಗರ, ತೀರ್ಥಹಳ್ಳಿವರೆಗೂ ಆಫೀಸುಗಳ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುತ್ತಾ ಬಂದವನು ನಾನು. ಕಂಪ್ಯೂಟರು ಪಾಪ ಸುಮ್ಮನೆ ಕೂತಿರುತ್ತೆ. ಏನಾದರೂ ಆಗುವುದು ಅದರ ಸುತ್ತ ಇರುವ ಜನರಿಂದ, ಅದೂ ಹೆಚ್ಚಾಗಿ ಅವರ ಒಳ್ಳೆಯತನದಿಂದ.

ನಾನು ಕೆಲಸ ಶುರು ಮಾಡಿದಾಗ ವಯರಿನಲ್ಲಿ ಎರಡು ಬಗೆ. ಹಳೆಯದು ಟಿವಿ ಕೇಬಲ್ಲಿನಂಥ ತೆಳು ಕರಿ ವಯರು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸರ ಪೋಣಿಸಿದ ಹಾಗೆ ಹೋಗುತ್ತೆ. ಎಲ್ಲಿ ಬಿಟ್ಟುಕೊಂಡರೂ ಇಡೀ ಸರ ನಿಂತುಹೋಗುತ್ತೆ. ಹೊಸದು ನೀಲಿ ವಯರು. ಒಳಗೆ ಎರಡೆರಡು ಎಳೆ ಹೊಸೆದಿರುತ್ತೆ, ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ.

ಲಾಕರಿನಲ್ಲಿ ಮುಚ್ಚಳ

ಸಾಗರದ ಒಂದು ಸಹಕಾರ ಸಂಘದಲ್ಲಿ ನೆಟ್‌ವರ್ಕ್ ನಿಂತುಹೋಯಿತು. ಹೋಗಿ ನೋಡಿದರೆ ಕರಿ ವಯರಿನ ತುದಿಯಲ್ಲಿದ್ದ ಟರ್ಮಿನೇಟರ್ ಇಲ್ಲ. ಅದೊಂದು ಬೆರಳ ತುದಿಯಷ್ಟು, ಬೆಳ್ಳಿ ಬಣ್ಣದ ಮುಚ್ಚಳ. ಅದಿಲ್ಲದಿದ್ದರೆ ಯಾವ ಕಂಪ್ಯೂಟರೂ ಮಾತಾಡುವುದಿಲ್ಲ.

ಮ್ಯಾನೇಜರು ಬಹಳ ಜಾಗ್ರತೆಯ ಮನುಷ್ಯ. "ಅದಾ? ಅದರಿಂದ ಆಚೆ ವಯರೇ ಇರ್ಲಿಲ್ಲ. ಬೆಳ್ಳಿ ಥರ ಬೇರೆ ಇತ್ತು, ಕಳೆದು ಹೋಗ್ಬಾರ್ದು ಅಂತ ಲಾಕರ್‌ನಲ್ಲಿ ಇಟ್ಟಿದೀನಿ" ಅಂದರು.

ಲಾಕರಿಗೆ ಎರಡು ಕೀಲಿ. ಇನ್ನೊಂದು ಕ್ಯಾಷಿಯರ್ ಹತ್ತಿರ. ಅವರು ಇಕ್ಕೇರಿಗೆ ಮದುವೆಗೆ ಹೋಗಿದ್ದರು. ಮ್ಯಾನೇಜರು ತಾವೇ ಸ್ಕೂಟರ್ ಹತ್ತಿ ಹೋಗಿ ಅವರನ್ನು ಊಟದ ಪಂಕ್ತಿಯಿಂದ ಎಬ್ಬಿಸಿಕೊಂಡು ಬಂದರು. ಕ್ಯಾಷಿಯರ್ ಲಾಕರ್ ತೆಗೆದು, ಮುಚ್ಚಳ ನನ್ನ ಕೈಗಿಟ್ಟು, ಮ್ಯಾನೇಜರ ಕಡೆ ತಿರುಗಿದರು. "ಸಾರ್, ಆ ಕಡೆ ತುದೀಲೂ ಇಂಥದ್ದೇ ಒಂದಿದೆ. ಅದನ್ನೂ ಒಳಗಿಡೋಣ್ವಾ? ಜೋಡಿ ತಪ್ಪೋದು ಬೇಡ."

ಸೋಮವಾರದ ಹಬ್

ಹೊಸನಗರದ ಒಂದು ಹೈಸ್ಕೂಲಿನಲ್ಲಿ ಹಳೇ ಕೋಣೆಗೆ ಕರಿ ವಯರು, ಹೊಸ ಕೋಣೆಗೆ ನೀಲಿ ವಯರು. ಎರಡನ್ನೂ ಕೂಡಿಸಲು ನಡುವೆ ಹಬ್ ಅನ್ನುವ ಪೆಟ್ಟಿಗೆ ಬೇಕು. ಹೆಡ್‌ಮಿಸ್‌ಗೆ ಫೋನ್ ಮಾಡಿದೆ. ಲೈನು ಗೊರಗೊರ ಅನ್ನುತ್ತಿತ್ತು.

"ಸೋಮವಾರ ಹಬ್ ಮಾಡೇ ಬಿಡೋಣ ಮೇಡಂ."

"ಸಂತೋಷ. ಎಷ್ಟು ಜನಕ್ಕೆ?"

"ಸದ್ಯ ಎಂಟಕ್ಕೆ ಸಾಕು. ಬೇಕಾದ್ರೆ ಆಮೇಲೆ ಹೆಚ್ಚು ಮಾಡ್ಬಹುದು."

ಸೋಮವಾರ ಹೋದರೆ ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ, ಒಳಗಿನಿಂದ ಹೋಳಿಗೆ ಬೇಯುವ ವಾಸನೆ. ನನ್ನ ಚೀಲದಿಂದ ಹಬ್ ಹೊರಗೆ ಬಂದಾಗ ಮೇಷ್ಟರುಗಳೆಲ್ಲ ಮುಖ ಮುಖ ನೋಡಿಕೊಂಡರು. ಹೆಡ್‌ಮಿಸ್ ಮಾತ್ರ ಒಂಚೂರೂ ವಿಚಲಿತರಾಗಲಿಲ್ಲ. ಕೋಣೆಯ ಮೂಲೆಯಲ್ಲಿ ಬಾಳೆಕಂದು ಕಟ್ಟಿದ್ದ ಪುಟ್ಟ ಮಂಟಪ ತೋರಿಸಿದರು. "ಯಾವ ದೇವ್ರ ಹಬ್ಬ ಅಂತ ಫೋನಲ್ಲಿ ಸರಿಯಾಗಿ ಕೇಳ್ಸಿರ್ಲಿಲ್ಲ. ಅದಕ್ಕೆ ಖಾಲಿ ಬಿಟ್ಟಿದ್ವಿ. ಇದನ್ನೇ ಕೂರ್ಸಿ."

ಕೂರಿಸಿದೆ. ಹಸಿರು ದೀಪ ಮಿಣಮಿಣ ಅಂದಾಗ ಅಡುಗೆಯವರು ಕೈ ಮುಗಿದರು.

ಗಟ್ಟಿ ಹಗ್ಗ

ಸಾಗರದ ಅಡಿಕೆ ವ್ಯಾಪಾರಿಯೊಬ್ಬರ ಮಂಡಿಯಿಂದ ಹಿಂದಿನ ಮನೆಗೆ ನೀಲಿ ವಯರು ಎಳೆದಿದ್ದೆ. ಬಿಸಿಲು ಬಂದ ದಿನವೆಲ್ಲ ನೆಟ್‌ವರ್ಕ್ ಕೆಡುತ್ತಿತ್ತು. ಹೋಗಿ ನೋಡಿದರೆ ವ್ಯಾಪಾರಿಯ ತಾಯಿ ಅದರ ಮೇಲೆ ಒದ್ದೆ ಕಂಬಳಿ ಹರವುತ್ತಿದ್ದಾರೆ.

"ಅಜ್ಜಿ, ಇದು ಹಗ್ಗ ಅಲ್ಲ. ಒಳಗೆ ಎಂಟು ಎಳೆ ಇದೆ, ಎರಡೆರಡು ಹೊಸೆದು ಹಾಕಿದ್ದು."

"ಅದ್ಕೇ ಇಷ್ಟ್ ಗಟ್ಟಿ ಇದ್ದು" ಅಂದರು ಅಜ್ಜಿ ಹವ್ಯಕರ ಮಾತಿನಲ್ಲಿ, ಮೆಚ್ಚಿಕೊಂಡು.

ಪೇಟೆಗೆ ಹೋಗಿ ಒಳ್ಳೆಯ ನೈಲಾನ್ ಹಗ್ಗ ತಂದು ಪಕ್ಕದಲ್ಲೇ ಕಟ್ಟಿಕೊಟ್ಟೆ. ಅಜ್ಜಿ ಎರಡನ್ನೂ ಜಗ್ಗಿ ನೋಡಿದರು. ಆಮೇಲೆ ನೀಲಿ ವಯರು ಹಿಡಿದುಕೊಂಡೇ ನನ್ನ ಬೆನ್ನು ತಟ್ಟಿ, "ನಿನ್ನ ಕೆಲಸಕ್ಕೆ ಆ ಹೊಸಾದು ತಗ ತಮಾ. ಎಂಗೆ ಇದೇ ಇರ್ಲಿ" ಅಂದರು.

ಹಿಡಿದ ಕೈ

ತೀರ್ಥಹಳ್ಳಿಯ ಒಂದು ಕಾಲೇಜಿನಲ್ಲಿ ಪರೀಕ್ಷೆಯ ಅರ್ಜಿ ಕಳಿಸಲು ಕೊನೆಯ ದಿನ. ಇಂಟರ್ನೆಟ್ ಇದ್ದದ್ದು ಹೊಸ ನೀಲಿ ವಯರಿನ ಕಡೆ, ಅರ್ಜಿ ತುಂಬುವ ಕಂಪ್ಯೂಟರುಗಳೆಲ್ಲ ಹಳೇ ಕರಿ ವಯರಿನ ಸರದಲ್ಲಿ. ನಾನು ಹೊಸನಗರದಲ್ಲಿದ್ದಾಗ ಅಲ್ಲಿನ ಗುಮಾಸ್ತೆಯ ಫೋನು ಬಂತು.

"ಸಾರ್, ಕರಿ ವಯರಿನ ಕನೆಕ್ಟರ್ ಸಡ್ಲ ಆಗಿದೆ. ನಾನು ಒತ್ತಿ ಹಿಡಿದ್ರೆ ಎಲ್ಲಾ ಬರುತ್ತೆ, ಬಿಟ್ರೆ ಹೋಗುತ್ತೆ. ಹುಡುಗ್ರು ಸಾಲಲ್ಲಿ ನಿಂತಿದಾರೆ."

"ಹೊರಟೆ ಮೇಡಂ. ಬರೋವರೆಗೆ ಹಿಡ್ಕೊಂಡಿರಿ" ಅಂದೆ. ಬಾಯಿಗೆ ಬಂದದ್ದು ಹೇಳಿದೆ, ಅಷ್ಟೆ.

ನಾನು ಹತ್ತಿದ ಬಸ್ಸು ಕೈ ತೋರಿಸಿದವರಿಗೆಲ್ಲ ನಿಲ್ಲುತ್ತಾ ತೀರ್ಥಹಳ್ಳಿ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು. ಕಾಲೇಜಿಗೆ ಹೋದರೆ ಗುಮಾಸ್ತೆ ಮೇಜಿನ ಕೆಳಗೆ ಮಣೆ ಹಾಕಿಕೊಂಡು ಕೂತು, ಹೆಬ್ಬೆರಳು, ತೋರುಬೆರಳಿನಲ್ಲಿ ಕನೆಕ್ಟರ್ ಅಮುಕಿ ಹಿಡಿದಿದ್ದಾರೆ. ಪ್ರಿನ್ಸಿಪಾಲರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವರಿಗೆ ಲೋಟದಿಂದ ಚಹಾ ಕುಡಿಸುತ್ತಿದ್ದಾರೆ.

"ಈಗ ಬಿಡಿ ಮೇಡಂ, ಹೊಸದು ಹಾಕ್ತೀನಿ."

"ಹಾಕೋಕೆ ಎಷ್ಟೊತ್ತು?"

"ಸ್ವಲ್ಪ ಹೊತ್ತು ಆಗುತ್ತೆ."

"ಅಷ್ಟರಲ್ಲಿ ಹಳ್ಳಿ ಹುಡುಗ್ರಿಗೆ ಬಸ್ ತಪ್ಪುತ್ತೆ. ಸಾಲು ಮುಗೀಲಿ" ಅಂದರು.

ನಾನು ಹಿಡಿಯುತ್ತೇನೆ ಅಂದರೂ ಕೊಡಲಿಲ್ಲ. ಕೈ ಬದಲಿಸುವಾಗ ಒಂದು ಅರ್ಜಿ ಕೆಟ್ಟರೂ ಕೆಟ್ಟಂತೆ ಅಂದರು. ಇಷ್ಟು ವರ್ಷದಲ್ಲಿ ನಾನು ಎಷ್ಟೋ ಕನೆಕ್ಟರ್ ಹಾಕಿದ್ದೇನೆ, ಅಷ್ಟು ನಂಬಿಕಸ್ಥವಾದದ್ದನ್ನು ಕಂಡಿಲ್ಲ.

ಕೊನೆಯ ಹುಡುಗಿ ಕೂತಾಗ ಗುಮಾಸ್ತೆಯ ಗಂಡ ಬಂದರು. ಫೋನು ಎತ್ತದೆ ಇದ್ದದ್ದಕ್ಕೆ ಗಾಬರಿಯಾಗಿದ್ದರು. ಪ್ರಿನ್ಸಿಪಾಲರು ನಡೆದದ್ದನ್ನು ಹೇಳಿದರು. ಗಂಡ ಬಗ್ಗಿ ಮೇಜಿನ ಕೆಳಗೆ ನೋಡಿ, ನಮ್ಮ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಧಾರೆ ಹೊತ್ತಿಗೆ ನನ್ನ ಕೈನೂ ಇವ್ಳು ಇಷ್ಟು ಗಟ್ಟಿಯಾಗಿ ಹಿಡಿದಿರ್ಲಿಲ್ಲ."

ಮೇಜಿನ ಕೆಳಗಿನಿಂದ ಉತ್ತರ ಬಂತು: "ಅವತ್ತು ಕೈ ಬಿಟ್ಟಿದ್ರೂ ಯಾರ ಅರ್ಜಿನೂ ನಿಲ್ತಿರ್ಲಿಲ್ಲ."