ಹುಳ ಸಾಯದ ಸೀರೆ

ಅಂಚೆ ಚೀಟಿಯಷ್ಟು ದೊಡ್ಡದಿರುವ ಒಂದು ಲೇಬಲ್ಲು ಶೇಖರನ ಇಪ್ಪತ್ತೆಂಟು ವರ್ಷದ ಮರ್ಯಾದೆಯನ್ನು ಒಂದೇ ದಿನದಲ್ಲಿ ನುಂಗಿ ನೀರು ಕುಡಿಯಿತು.

ಮೂಡುಬಿದಿರೆ ಪೇಟೆಯ ‘ಪಟ್ಟಾಂಬರ’ ಜವಳಿ ಅಂಗಡಿಯಲ್ಲಿ ಶೇಖರ ರೇಷ್ಮೆ ಸೀರೆ ವಿಭಾಗದವನು. ಬೆಳುವಾಯಿಯಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನೇತಾಡಿಕೊಂಡು ಬಂದು, ಕೈಕಾಲು ತೊಳೆದು, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಚಾಪೆಯ ಮೇಲೆ ಕೂತನೆಂದರೆ ರಾತ್ರಿಯವರೆಗೆ ಸೀರೆ ಬಿಡಿಸುವುದು, ಮಡಚುವುದು. ‘ಶೇಖರಣ್ಣ ರೇಷ್ಮೆ ಅಂದರೆ ರೇಷ್ಮೆ’ ಎಂದು ಮೂರು ತಾಲೂಕಿನ ಹೆಂಗಸರು ನಂಬಿದ್ದರು. ಅವನೂ ನಂಬಿದ್ದ.

ಆ ದಿನ ಬಾಗಿಲು ತೆಗೆಯುವಾಗಲೇ ಧಣಿ ರಂಜಿತ್ ಒಂದು ಲಕೋಟೆ ತಂದು ಅವನ ಮುಂದೆ ಸುರಿದ. ಎಲ್ಲ ಹಸಿರು ಲೇಬಲ್ಲುಗಳು. ಮೇಲೆ ಹಾರುವ ಪತಂಗದ ಚಿತ್ರ, ಕೆಳಗೆ ‘ಅಹಿಂಸಾ ರೇಷ್ಮೆ. ಒಂದು ಹುಳವೂ ಸತ್ತಿಲ್ಲ’ ಎಂಬ ಬರಹ.

“ಕೊನೆಯ ಕಪಾಟಿನ ಸೀರೆಗಳಿಗೆ ಹಚ್ಚಿ ಶೇಖರಣ್ಣ. ನಲವತ್ತೆರಡು ಬೇಕು.”

“ಧಣಿ, ಅದು ನಮ್ಮ ಮಾಮೂಲಿ ರೇಷ್ಮೆ ಅಲ್ವಾ?”

“ಲೇಬಲ್ ಹಚ್ಚಿದ ಮೇಲೆ ಮಾಮೂಲಿ ಹೇಗಾಗ್ತದೆ?”

ಶೇಖರ ತಲೆ ಕೆರೆದುಕೊಂಡ. “ಮಾಮೂಲಿ ರೇಷ್ಮೆಗೆ ಗೂಡನ್ನು ಹುಳದ ಸಮೇತ ಬೇಯಿಸ್ತಾರೆ ಧಣಿ. ಒಂದು ಸೀರೆಗೆ ಸಾವಿರಗಟ್ಟಲೆ ಹುಳ ಹೋಗ್ತದೆ. ಅಹಿಂಸಾ ಅಂದ್ರೆ ಪತಂಗ ಗೂಡು ತೂತು ಮಾಡಿ ಹೊರಗೆ ಹೋದ ಮೇಲೆ ನೂಲು ತೆಗೆಯುದು. ಅದಕ್ಕೆ ಇಷ್ಟು ಹೊಳಪು ಇರುದಿಲ್ಲ.”

“ನಾಳೆ ಪುಷ್ಪಾವತಿ ಟೀಚರ ಮಹಿಳಾ ಸಮಾಜಕ್ಕೆ ಬೆಳ್ಳಿಹಬ್ಬ. ಎಲ್ಲರೂ ಹುಳ ಸಾಯದ ರೇಷ್ಮೆಯನ್ನೇ ಉಡಬೇಕು ಅಂತ ಅವರು ಠರಾವು ಮಾಡಿ ಆಗಿದೆ. ನಾನೆಂತ ಮಾಡ್ಲಿ? ಇವತ್ತು ಕೂತು ಪತಂಗ ಹಾರಿಸ್ಲಾ?”

ಧಣಿ ಹೋದ. ಪಕ್ಕದ ಮಕ್ಕಳ ಬಟ್ಟೆ ವಿಭಾಗದ ಶಮ್ನಾ ಎಲ್ಲ ಕೇಳಿಸಿಕೊಂಡಿದ್ದಳು.

“ಹಚ್ಚಿ ಶೇಖರಣ್ಣ, ಅಭ್ಯಾಸ ಆಗ್ತದೆ. ಇಲ್ಲಿ ‘ನೂರಕ್ಕೆ ನೂರು ಹತ್ತಿ’ ಅಂತ ಹಚ್ಚಿ ಹಚ್ಚಿ ನನ್ನ ಹೆಬ್ಬೆರಳಿನ ಗೆರೆಯೇ ಹೋಗಿದೆ. ರೇಷನ್ ಅಂಗಡಿಯ ಮಿಷನ್ ನನ್ನನ್ನು ಮನುಷ್ಯಳು ಅಂತಲೇ ಒಪ್ಪುದಿಲ್ಲ.”

ಶೇಖರ ಹಚ್ಚಿದ. ಒಂದೊಂದು ಲೇಬಲ್ ಒತ್ತುವಾಗಲೂ ಸಾವಿರ ಹುಳಗಳ ಬಾಯಿಗೆ ಟೇಪು ಅಂಟಿಸಿದ ಹಾಗಾಗುತ್ತಿತ್ತು.

ಅಲ್ಲಿಗೆ ಮುಗಿದಿದ್ದರೆ ಮುಗಿದಿತ್ತು. ಆದರೆ ಹನ್ನೆರಡಕ್ಕೆ ಪುಷ್ಪಾವತಿ ಟೀಚರೇ ಬಂದರು. ಮೂರನೇ ಕ್ಲಾಸಿನಲ್ಲಿ ಶೇಖರನ ಕಿವಿ ಹಿಂಡಿ ಮಗ್ಗಿ ಕಲಿಸಿದವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರನ್ನು ಕಂಡರೆ ಅವನ ಕೈ ತಾನಾಗಿ ಕಿವಿಗೆ ಹೋಗುತ್ತದೆ.

“ಶೇಖರ, ನಮ್ಮಲ್ಲಿ ನಾಲ್ಕು ಜನರಿಗೆ ಸಂಶಯ ಉಂಟು. ಇದು ನಿಜವಾದ ಅಹಿಂಸಾ ಹೌದೋ ಅಲ್ಲವೋ ಅಂತ. ನೀನು ಊಟ ಮಾಡಿ ಸೀರೆ ತೆಗೆದುಕೊಂಡು ಮನೆಗೆ ಬಾ. ಎಲ್ಲರೂ ಸೇರ್ತಾರೆ. ಪತಂಗ ಹೇಗೆ ಹೊರಗೆ ಬರ್ತದೆ ಅಂತ ಹತ್ತು ನಿಮಿಷ ಹೇಳಿಬಿಡು.”

“ನಾನಾ ಟೀಚರ್?”

“ಖಂಡಿತ ಬರ್ತಾರೆ ಟೀಚರ್!” ಎಂದು ಗಲ್ಲಾಪೆಟ್ಟಿಗೆಯಿಂದ ಧಣಿಯ ಸ್ವರ ಬಂತು.

ಶೇಖರ ಹೋಟೆಲಿನಲ್ಲಿ ಬಂಗುಡೆ ಮೀನಿನ ಸಾರಿನ ಊಟ ಮುಗಿಸಿ, ಬಾಯಿಗೆ ಏಲಕ್ಕಿ ಹಾಕಿಕೊಂಡು, ನಲವತ್ತೆರಡು ಸೀರೆಯ ಕಟ್ಟುಗಳ ನಡುವೆ ಹೂತುಹೋಗಿ ರಿಕ್ಷಾದಲ್ಲಿ ಟೀಚರ ಮನೆಗೆ ಹೋದ. ದೊಡ್ಡ ಹಾಲಿನ ತುಂಬ ಹೆಂಗಸರು. ಕಟ್ಟು ಬಿಚ್ಚುವಷ್ಟರಲ್ಲಿ ಸೀರೆಗಳು ಅವರ ಮಡಿಲು ಸೇರಿದವು. ಟೀಚರ ಗಂಡ ಅಭಯಚಂದ್ರರು ಪುನರ್ಪುಳಿ ಶರಬತ್ತು ಹಂಚುತ್ತಿದ್ದರು. ಕುರ್ಚಿಯ ಸಾಲಿನ ಮುಂದೆ ಶೇಖರನಿಗೊಂದು ಮೈಕು ಬೇರೆ!

ಅವನು ಎರಡು ವಾಕ್ಯದಲ್ಲಿ ಮುಗಿಸಿದ. “ಗೂಡಿನಿಂದ ಪತಂಗ ಬರ್ತದೆ. ನಾವು ಬಿಡ್ತೇವೆ.”

“ಬಿಟ್ಟ ಮೇಲೆ ಅವು ಎಲ್ಲಿಗೆ ಹೋಗ್ತವೆ?” ಎಂದು ಮುಂದಿನ ಸಾಲಿನಿಂದ ಒಬ್ಬರು.

“ಅದು... ಒಂದು ತೋಟ ಉಂಟು.”

“ಎಲ್ಲಿ?”

ಸುಳ್ಳು ಹೇಳುವವನು ದೂರದ ಊರನ್ನು ಹೇಳಬೇಕು. ಶೇಖರನ ಬಾಯಿಗೆ ಬಂದದ್ದು ಚಾರ್ಮಾಡಿ.

“ಚಾರ್ಮಾಡಿಯಾ! ಇಲ್ಲೇ ಆಯ್ತಲ್ಲ!” ಹಾಲಿನಲ್ಲಿ ಸಂಭ್ರಮವೇ ಎದ್ದಿತು. “ಅಲ್ಲಿ ಅವಕ್ಕೆ ತಿನ್ನಲಿಕ್ಕೆ ಎಂತ ಕೊಡ್ತೀರಿ?”

“ಬಾಳೆಹಣ್ಣು.”

ಟೀಚರ ಸೊಸೆ ಅನಿಷಾ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಅವಳು ಕನ್ನಡಕ ಸರಿ ಮಾಡಿಕೊಂಡಳು. “ರೇಷ್ಮೆ ಪತಂಗ ಏನನ್ನೂ ತಿನ್ನುದಿಲ್ಲವಲ್ಲ. ಅದಕ್ಕೆ ತಿನ್ನುವ ಬಾಯಿಯೇ ಇರುದಿಲ್ಲ.”

“ಅದಕ್ಕೇ ಮೇಡಂ, ನಾವು ಹಣ್ಣನ್ನು ಮೆತ್ತಗೆ ಹಿಸುಕಿ ಇಡುದು.”

ಹೆಂಗಸರೆಲ್ಲ ‘ಅಯ್ಯೋ ಪಾಪ’ ಎಂದರು. ಒಬ್ಬರು ಕಣ್ಣೊರೆಸಿಕೊಂಡರು. ಅಭಯಚಂದ್ರರಿಗೆ ಉತ್ಸಾಹ ತಡೆಯಲಿಲ್ಲ. ಶರಬತ್ತಿನ ತಟ್ಟೆ ಕೆಳಗಿಟ್ಟು, ಬೆಳ್ತಂಗಡಿಯ ಪರಿಚಯದ ಬಸ್ಸಿನವರಿಗೆ ಅಲ್ಲಿಂದಲೇ ಫೋನು ಮಾಡಿದರು. “ಭಾನುವಾರ ಚಾರ್ಮಾಡಿಗೆ ಒಂದು ಬಸ್ಸು ಬೇಕು ಮಾರಾಯ. ಹೌದು, ಪತಂಗ ನೋಡ್ಲಿಕ್ಕೆ. ಬಾಳೆಗೊನೆ ಇಡ್ಲಿಕ್ಕೆ ಜಾಗ ಇರಬೇಕು.” ಫೋನು ಕೆಳಗಿಟ್ಟು, “ಹೋಗುವ! ಶೇಖರ ದಾರಿ ತೋರಿಸ್ತಾನೆ” ಎಂದರು.

ಇಲ್ಲದ ತೋಟಕ್ಕೆ ದಾರಿ ತೋರಿಸುವುದು ಹೇಗೆಂದು ಶೇಖರ ಯೋಚಿಸುತ್ತಿರುವಾಗ, ಒಳಕೋಣೆಯಿಂದ ಟೀಚರ್ ಅಭಯಚಂದ್ರರ ತಾಯಿಯನ್ನು ಕೈಹಿಡಿದು ಕರೆತಂದು ಕೂರಿಸಿದರು. ಎಂಬತ್ತಾರರ ಪ್ರಾಯ, ಕಿವಿ ಮಂದ, ಮಾಸಿದ ಬಿಳಿ ನೂಲಿನ ಸೀರೆ.

“ಅತ್ತೆ ರೇಷ್ಮೆ ಬಿಟ್ಟು ಐವತ್ತು ವರ್ಷ ಆಯ್ತು” ಎಂದರು ಟೀಚರ್. “ಹುಳ ಬೇಯಿಸುದನ್ನು ಒಮ್ಮೆ ಕಣ್ಣಾರೆ ಕಂಡಿದ್ದಾರಂತೆ. ಮಕ್ಕಳ ಮದುವೆಗೂ ಉಡಲಿಲ್ಲ. ನಾಳೆ ಉಡ್ತಾರೆ.”

ಮುದುಕಿ ತಮ್ಮ ಮಡಿಲಿಗೆ ಟೀಚರ್ ಇಟ್ಟ ನೇರಳೆ ಸೀರೆಯನ್ನು ಸವರಿದರು. ಕೆನ್ನೆಗೆ ಒತ್ತಿಕೊಂಡರು. ಆಮೇಲೆ ಶೇಖರನನ್ನು ಹತ್ತಿರ ಕರೆದು ಅವನ ಮುಂಗೈ ಹಿಡಿದುಕೊಂಡರು.

“ಮಗಾ, ನನಗೆ ಇಂಥದ್ದು ಉಡ್ಲಿಕ್ಕೆ ತುಂಬ ಆಸೆ ಇತ್ತು. ಯಾರ ಹತ್ತಿರವೂ ಹೇಳಲಿಲ್ಲ. ನಿಜವಾಗಿ ಹುಳ ಸತ್ತಿಲ್ಲ ಅಲ್ವಾ? ನೀನು ಹೇಳಿದರೆ ನನಗೆ ಸಾಕು.”

ಶೇಖರನಿಗೆ ಧಣಿ ನೆನಪಾದ. ಕೆಲಸ ನೆನಪಾಯಿತು. ಐವತ್ತೆರಡರ ಪ್ರಾಯದಲ್ಲಿ ಬೇರೆ ಅಂಗಡಿಯ ಮೆಟ್ಟಿಲಿಗೆ ಹೋಗಿ ಕೈಕಟ್ಟಿ ನಿಲ್ಲುವುದು ನೆನಪಾಯಿತು. ಆದರೆ ಮುದುಕಿಯ ಹಿಡಿತ ಬಿಗಿಯಾಗಿತ್ತು.

“ಸತ್ತಿದೆ ಅಮ್ಮ” ಎಂದ. ಅವರಿಗೆ ಕೇಳಿಸಲಿಲ್ಲ. ಅವನು ಮೈಕು ಎತ್ತಿಕೊಂಡ. “ಸತ್ತಿದೆ! ಎಲ್ಲ ಸತ್ತಿದೆ! ತೋಟ ಇಲ್ಲ, ಬಾಳೆಹಣ್ಣು ಇಲ್ಲ. ಇದು ಹುಳ ಬೇಯಿಸಿದ ರೇಷ್ಮೆ. ಲೇಬಲ್ ಹಚ್ಚಿದ್ದು ನಾನೇ, ಇವತ್ತು ಬೆಳಿಗ್ಗೆ!”

ಕೊನೆಯ ಮಾತು ಹೊರಗಿನ ಗೇಟಿನವರೆಗೂ ಕೇಳಿಸಿತು. ಮೂವರು ಹೆಂಗಸರು ಮಡಿಲಿನ ಸೀರೆಯನ್ನು ಹಾವು ಕಂಡವರ ಹಾಗೆ ಕೊಡವಿ ಎದ್ದರು. ಟೀಚರ್ ರಂಜಿತನಿಗೆ ಫೋನು ಮಾಡಿದರು.

ಐದು ನಿಮಿಷದಲ್ಲಿ ರಂಜಿತ್ ಕಾರಿನಿಂದ ಇಳಿದ. ಒಳಗೆ ಬರುವಾಗಲೇ ಕೈ ಮುಗಿದಿದ್ದ.

“ಟೀಚರ್, ಈ ಸೀರೆಗೆ ಒಂದು ಹುಳವೂ ಸತ್ತಿಲ್ಲ. ನಮ್ಮ ಅಂಗಡಿಯ ಮೇಲಾಣೆ. ಶೇಖರಣ್ಣನಿಗೆ ಬಿಸಿಲಿಗೆ ತಲೆ ತಿರುಗಿದೆ.”

“ಧಣಿ, ಸುಳ್ಳು ಯಾಕೆ?” ಎಂದ ಶೇಖರ. ಒಮ್ಮೆ ನಿಜ ಹೇಳಿದವನಿಗೆ ಅದರ ರುಚಿ ಹತ್ತಿತ್ತು. “ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರ್ತದೆ. ಜೀವ ಇದ್ದದ್ದರ ವಾಸನೆ ಅದು. ಇಲ್ಲೇ ಸುಡ್ತೇನೆ, ಎಲ್ಲರೂ ಮೂಸಿ ನೋಡಿ.”

“ಬೇಡ ಶೇಖರಣ್ಣ” ಎಂದ ರಂಜಿತ್ ಥಟ್ಟನೆ.

ಆದರೆ ಶೇಖರ ನೇರಳೆ ಸೀರೆಯ ಸೆರಗಿನ ಕುಚ್ಚಿನಿಂದ ನಾಲ್ಕು ಎಳೆ ಕಿತ್ತು ಪಕ್ಕದಲ್ಲಿ ಉರಿಯುತ್ತಿದ್ದ ದೀಪಕ್ಕೆ ಹಿಡಿದಾಗಿತ್ತು.

ಎಳೆ ಉರಿದು ಬೂದಿಯಾಗಲಿಲ್ಲ. ಮುದುಡಿತು, ಕರಗಿತು, ಸಾಸಿವೆಯಷ್ಟು ಕಪ್ಪು ಮಣಿಯಾಗಿ ಅವನ ಬೆರಳಿಗೆ ಅಂಟಿ ಚುರ್ ಎಂದಿತು. ವಾಸನೆ ಕೋಣೆಯ ತುಂಬ ಹರಡಿತು. ಕೂದಲಿನ ವಾಸನೆಯಲ್ಲ. ಬಚ್ಚಲೊಲೆಗೆ ಹಾಲಿನ ಖಾಲಿ ಪ್ಯಾಕೆಟ್ಟು ಹಾಕಿದಾಗ ಬರುವ ವಾಸನೆ.

“ಪಾಲಿಯೆಸ್ಟರ್!” ಎಂದಳು ಅನಿಷಾ. “ಅತ್ತೆ, ಇದು ರೇಷ್ಮೆಯೇ ಅಲ್ಲ. ಬರೀ ಪ್ಲಾಸ್ಟಿಕ್.”

ಶೇಖರ ಇನ್ನೊಂದು ಸೀರೆಯ ಎಳೆ ಕಿತ್ತ. ಮತ್ತೊಂದರದ್ದು ಕಿತ್ತ. ಎಲ್ಲವೂ ಕಪ್ಪು ಮಣಿ. ಬೆರಳಿಗೆ ಬೊಬ್ಬೆ ಬಂದರೂ ಅವನು ಕೀಳುತ್ತಲೇ ಇದ್ದ. ಕೊನೆಗೆ ಅಭಯಚಂದ್ರರೇ ದೀಪ ಎತ್ತಿ ದೂರ ಇಟ್ಟರು.

ರಂಜಿತನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. ಮರುಗಳಿಗೆ ಅವನು ಸೆಟೆದು ನಿಂತ.

“ನೋಡಿದಿರಲ್ಲ ಟೀಚರ್? ಹುಳ ಸತ್ತಿಲ್ಲ ಅಂತ ಹೇಳಿದೆ. ಸತ್ತಿದೆಯಾ? ಇದರಲ್ಲಿ ಹುಳ ಎಲ್ಲುಂಟು ಸಾಯ್ಲಿಕ್ಕೆ?”

ಎಲ್ಲರೂ ಟೀಚರ ಮುಖ ನೋಡಿದರು. ಟೀಚರ್ ಗೋಡೆಗೆ ಒರಗಿಸಿಟ್ಟಿದ್ದ ನಾಳೆಯ ಬ್ಯಾನರ್ ನೋಡುತ್ತಿದ್ದರು. ‘ಅಹಿಂಸಾ ವಸ್ತ್ರ ಧಾರಣೆ’ ಎಂದು ಆಳೆತ್ತರದ ಅಕ್ಷರ. ಪೇಪರಿನಲ್ಲೂ ಸುದ್ದಿ ಬಂದಾಗಿತ್ತು. ಮಂಗಳೂರಿನಿಂದ ಅತಿಥಿಗಳು ಬರುವುದೂ ನಿಶ್ಚಯವಾಗಿತ್ತು. ರವಿಕೆ ಸಹ ಹೊಲಿಸಿ ಆಗಿತ್ತು.

“ರೇಷ್ಮೆಯ ದರ ಕೊಡುದಿಲ್ಲ” ಎಂದರು ಟೀಚರ್ ಕೊನೆಗೆ. “ಅರ್ಧ ಕೊಡ್ತೇವೆ.”

“ಆಗಬಹುದು ಟೀಚರ್.”

“ಅತ್ತೆ, ಎಂತ ಹೇಳ್ತಿದ್ದೀರಿ?” ಅನಿಷಾ ಎದ್ದು ನಿಂತಳು. “ಇದು ಮಣ್ಣಲ್ಲಿ ನೂರಾರು ವರ್ಷ ಕೊಳೆಯುದಿಲ್ಲ. ಒಗೆದಾಗಲೆಲ್ಲ ಸಣ್ಣ ಸಣ್ಣ ನೂಲು ಬಿಟ್ಟು ಹೊಳೆಗೆ ಹೋಗ್ತದೆ. ಮೀನಿನ ಹೊಟ್ಟೆಗೆ ಹೋಗ್ತದೆ.”

“ನಾವು ಮೀನು ತಿನ್ನುದಿಲ್ಲ” ಎಂದರು ಟೀಚರ್.

ಮಧ್ಯಾಹ್ನ ಬಂಗುಡೆ ಉಂಡು ಬಂದಿದ್ದ ಶೇಖರ ಕೈಯಿಂದ ಬಾಯಿ ಮುಚ್ಚಿಕೊಂಡ.

ಮುದುಕಿ ಎಲ್ಲರ ಬಾಯಿಯನ್ನೂ ನೋಡಿ ನೋಡಿ ಸೋತರು. “ಹುಳ ಸತ್ತಿತಾ ಇಲ್ಲವಾ? ಒಂದು ಹೇಳಿ” ಎಂದು ಕೇಳಿದರು.

“ಇಲ್ಲ ಅತ್ತೆ! ಒಂದೂ ಸತ್ತಿಲ್ಲ!” ಎಂದು ಟೀಚರ್ ಅವರ ಕಿವಿಯ ಬಳಿ ಕೂಗಿದರು. ಮುದುಕಿ ಸೀರೆಯನ್ನು ಮತ್ತೆ ಕೆನ್ನೆಗೊತ್ತಿಕೊಂಡು, ಶೇಖರನಿಗೆ ಒಳ್ಳೆಯದಾಗಲಿ ಎಂದು ಹರಸಿದರು.

ಹೊರಡುವಾಗ ಟೀಚರ್ ರಂಜಿತನಿಗೆ ಬೆರಳು ತೋರಿಸಿ ಹೇಳಿದರು: “ಈ ಶೇಖರನನ್ನು ಕೆಲಸದಿಂದ ತೆಗೆದರೆ ನಾವು ಯಾರೂ ನಿಮ್ಮ ಅಂಗಡಿಯ ಮೆಟ್ಟಿಲು ಹತ್ತುದಿಲ್ಲ, ನೆನಪಿರಲಿ. ಹೊಟ್ಟೆಪಾಡಿನ ಮೇಲೆ ಕಲ್ಲು ಹಾಕಿಕೊಂಡು ನಿಜ ಹೇಳಿದ ಹುಡುಗ ಅವನು.”

ತಾನೇ ಕೆಲಸ ಬಿಡಬೇಕೆಂದು ಶೇಖರ ಆಗಷ್ಟೇ ನಿಶ್ಚಯಿಸಿದ್ದ. ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹೆಂಗಸರು ಚಪ್ಪಾಳೆ ತಟ್ಟಿಬಿಟ್ಟರು.

ಕಾರಿನಲ್ಲಿ ರಂಜಿತ್ ಸಿಳ್ಳು ಹಾಕುತ್ತಿದ್ದ. ಶೇಖರ ಬೊಬ್ಬೆ ಬಂದ ಬೆರಳಿಗೆ ಊದಿಕೊಂಡು ಕೇಳಿದ, “ಎಷ್ಟು ವರ್ಷದಿಂದ ಧಣಿ?”

“ಎಂತದ್ದು?”

“ಈ ಪ್ಲಾಸ್ಟಿಕ್.”

“ಅಪ್ಪ ಹೋದ ಮರುವರ್ಷದಿಂದ. ಏಳು ವರ್ಷ ಆಯ್ತು.” ರಂಜಿತ್ ಅವನತ್ತ ತಿರುಗಿದ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ನಿಮಗೆ ಗೊತ್ತುಂಟು ಅಂತಲೇ ಎಣಿಸಿದ್ದೆ ಮಾರಾಯ್ರೆ! ಅಷ್ಟು ಚಂದ ಮಾರ್ತಿದ್ದಿರಲ್ಲ?”

ದೊಡ್ಡ ಧಣಿಗಳ ಕಾಲದಲ್ಲಿ ಸೀರೆ ನೇಯುವವರ ಊರಿಗೆ ಶೇಖರನೇ ಹೋಗಿ ಆರಿಸಿ ತರುತ್ತಿದ್ದ. ಮಗನ ಕಾಲದಲ್ಲಿ ಪೆಟ್ಟಿಗೆಗಳು ತಾವಾಗಿ ಬಂದವು. ಸೀರೆ ಸ್ವಲ್ಪ ಜಾರುತ್ತದೆ ಎಂದು ಅವನಿಗೆ ಅನಿಸಿದ್ದುಂಟು. ಈಗಿನ ಮಗ್ಗ ಹೊಸದು, ಹಾಗಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಏಳು ವರ್ಷದಲ್ಲಿ ಎಷ್ಟು ಮದುವೆ! ಮೂರು ವರ್ಷದ ಹಿಂದೆ ಮಗಳು ದೀಕ್ಷಿತಾಳ ಧಾರೆ ಸೀರೆಯನ್ನೂ ಅದೇ ಕಪಾಟಿನಿಂದ, ಎಲ್ಲಕ್ಕಿಂತ ಒಳ್ಳೆಯದು ಎಂದು ಇಡೀ ಒಂದು ಸಂಜೆ ಕೂತು, ಅವನೇ ಆರಿಸಿದ್ದ. ಹೋಮದ ಬೆಂಕಿಯ ಪಕ್ಕದಲ್ಲಿ ಅವಳು ಒಂದು ಗಂಟೆ ಅದನ್ನುಟ್ಟು ಕೂತಿದ್ದಳು.

ಅಂಗಡಿ ಮುಟ್ಟುವಷ್ಟರಲ್ಲಿ ಹೆಂಡತಿ ಜಲಜಾಕ್ಷಿಯ ಫೋನು ಬಂತು. “ಟೀಚರ್ ನಿಮ್ಮನ್ನು ಮೈಕಿನಲ್ಲಿ ಹೊಗಳಿದರಂತೆ, ಹೌದಾ? ಬೆಳುವಾಯಿ ಇಡೀ ಸುದ್ದಿ! ದೀಕ್ಷಿತಾಳಿಗೂ ಹೇಳಿದೆ. ಅವಳ ನಾದಿನಿಯ ಮದುವೆಗೆ ಸೀರೆ ನೀವೇ ಆರಿಸಿ ಕೊಡಬೇಕಂತೆ.”

ಶೇಖರ “ಹ್ಞೂಂ” ಎಂದ.

ಸಂಜೆಯೊಳಗೆ ಬಾಗಿಲ ಬಳಿಯೇ ಹೊಸ ಕೌಂಟರ್ ಎದ್ದಿತು. ‘ಅಹಿಂಸಾ ವಿಭಾಗ’ ಎಂಬ ಬೋರ್ಡು, ಅದರ ಕೆಳಗೆ ಶೇಖರ. “ನೀವು ಸುಳ್ಳು ಒಂದೂ ಹೇಳಬೇಡಿ” ಎಂದು ರಂಜಿತ್ ತಾಕೀತು ಮಾಡಿದ್ದ. “ಹುಳ ಸತ್ತಿಲ್ಲ ಅನ್ನಿ. ಅಷ್ಟೇ ಸಾಕು. ನಿಮ್ಮ ಬಾಯಿಯಿಂದ ಬಂದರೆ ಜನ ನಂಬ್ತಾರೆ.” ಟೀಚರಿಗೆ ಅರ್ಧಕ್ಕೆ ಇಳಿಸಿದ ದರ ಇಲ್ಲಿ ಮೊದಲಿಗಿಂತ ತುಸು ಮೇಲೇರಿತ್ತು.

ಆರೂವರೆಗೆ ಮಾಣಿ ಊರಿನ ಕಡೆಯ ಒಬ್ಬರು ಹೆಂಗಸು ಬಸ್ಸಿಳಿದು ನೇರ ಅವನಲ್ಲಿಗೇ ಬಂದರು. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಎರಡು ಸೀರೆ ಬಿಡಿಸಿ ನೋಡಿ, ಹಸಿರು ಲೇಬಲ್ ಓದಿ, ತೃಪ್ತಿಯಿಂದ ತಲೆದೂಗಿದರು.

“ಹುಳ ಸತ್ತಿಲ್ಲ ಅಂತ ನೀವೇ ಹೇಳಿದ ಮೇಲೆ ನಾನು ಕೇಳುದಿಲ್ಲ. ಬಾಳಿಕೆ ಹೇಗೆ? ಅದು ಮಾತ್ರ ನಿಜ ಹೇಳಿ.”

ನಿಜ ಹೇಳಲು ಅನುಮತಿ ಇದ್ದದ್ದು ಅದೊಂದಕ್ಕೆ. ಶೇಖರ ಮನಸ್ಸು ಬಿಚ್ಚಿ ಹೇಳಿದ.

“ಇದಕ್ಕೆ ಸಾವಿಲ್ಲ ಅಮ್ಮ. ನೀವು ಹೋದ ಮೇಲೂ ಇರ್ತದೆ. ನಿಮ್ಮ ಮೊಮ್ಮಕ್ಕಳು, ಅವರ ಮೊಮ್ಮಕ್ಕಳು ಹೋದ ಮೇಲೂ ಇರ್ತದೆ. ಗುಂಡಿ ತೋಡಿ ಹೂತರೂ ಕೊಳೆಯುದಿಲ್ಲ. ಹೊಳೆಗೆ ಬಿಟ್ಟರೆ ಸಮುದ್ರದಲ್ಲಿ ಇರ್ತದೆ. ಈ ಊರೇ ಇಲ್ಲದಾದರೂ ಈ ಸೀರೆ ಎಲ್ಲಾದರೂ ಒಂದು ಕಡೆ ಹೀಗೆಯೇ ಬಿದ್ದಿರ್ತದೆ.”

ಹೆಂಗಸಿನ ಕಣ್ಣು ಅರಳಿತು.

“ಹೌದಾ! ಹಾಗಾದರೆ ಸೊಸೆಗೂ ಒಂದು ಕಟ್ಟಿ.”