ಬಕೆಟ್ಟಿನಲ್ಲಿ ಉಬ್ಬರವಿಳಿತ

ಶಾಲೆಗೆ ಕಂಪ್ಯೂಟರ್ ಬಂದರೆ ನಮ್ಮ ನಗೆಪಾಟಲು ಕಡಿಮೆಯಾಗುತ್ತದೆ ಅಂತ ನಾನು ನಂಬಿದ್ದೆ. ಕಡಿಮೆಯಾಗಲಿಲ್ಲ, ವೇಗ ಹೆಚ್ಚಿತು ಅಷ್ಟೇ.

ನಾನು ಬೈಂದೂರು ಕಡೆಯ ಕಡಲತಡಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಎರಡು ಸಾವಿರದ ಹತ್ತನೇ ಇಸವಿ ಕಳೆದ ಮೇಲೆ ನಮಗೆ 'ಮುಕ್ತ ಪಾಠ' ಅನ್ನುವುದು ಬಂತು. ಯಾರೋ ಬರೆದು ಇಂಟರ್ನೆಟ್ಟಿನಲ್ಲಿ ಹಾಕಿದ ಪಾಠವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು, ಮತ್ತೆ ಎಲ್ಲರಿಗೂ ಹಂಚಬಹುದು. ಪುಕ್ಕಟೆ. ಒಳ್ಳೆಯ ಯೋಚನೆಯೇ. ಅದನ್ನು ಹಾಳು ಮಾಡುವುದಕ್ಕೆ ನಾವಿದ್ದೆವಲ್ಲ!

ಒಂಟೆ ಹೋಗಿ ಎಮ್ಮೆ ಬಂತು

ಕುಂದಾಪುರದಲ್ಲಿ ತರಬೇತಿ. ಕಲಿಸಲು ಬಂದ ಸಂಪನ್ಮೂಲ ವ್ಯಕ್ತಿ ಒಂದು ಫಾರ್ಮು ಹಂಚಿದರು. 'ಪಾಠವನ್ನು ಸ್ಥಳೀಯವಾಗಿ ಹೊಂದಿಸಲಾಗಿದೆಯೇ?' ಎಂಬ ಪ್ರಶ್ನೆ, ಪಕ್ಕದಲ್ಲಿ ಟಿಕ್ ಹಾಕಲು ಚೌಕ. ಆ ಚೌಕ ತುಂಬಿದರೆ ಜನ್ಮ ಸಾರ್ಥಕ ಅನ್ನುವ ಹಾಗೆ ಎರಡು ದಿನ ಅದನ್ನೇ ಹೇಳಿದರು.

ನಮ್ಮ ಶಾಲೆಯ ಸಮಾಜದ ಮಾಸ್ಟ್ರು ಮರುಭೂಮಿಯ ಪಾಠವೊಂದನ್ನು ಇಳಿಸಿಕೊಂಡರು. ನಮ್ಮೂರಲ್ಲಿ ಒಂಟೆ ಇಲ್ಲ. ಕಂಪ್ಯೂಟರಿಗೆ ಹೇಳಿ 'ಒಂಟೆ' ಇದ್ದಲ್ಲೆಲ್ಲ 'ಎಮ್ಮೆ' ಮಾಡಿಸಿದರು. ಒಂದೇ ಏಟಿಗೆ ಕೆಲಸ ಮುಗಿಯಿತು. ಮರುದಿನ ತರಗತಿಯಲ್ಲಿ ಓದಿಯೂ ಬಿಟ್ಟರು: "ಎಮ್ಮೆಯು ನೀರಿಲ್ಲದೆ ಎಷ್ಟೋ ದಿನ ಮರಳಿನಲ್ಲಿ ನಡೆಯಬಲ್ಲದು."

ಬಿಜೂರಿನಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ನಮ್ಮನಿ ಎಮ್ಮಿ ಮಧ್ಯಾಹ್ನ ಆದ್ರೆ ಸಾಕ್, ಹಗ್ಗ ಕಡ್ಕಂಡ್ ಕೆರಿಗ್ ಓಡತ್ತ್!"

ಮಾಸ್ಟ್ರಿಗೆ ಸಿಟ್ಟು ಬಂತು. "ಕೂತ್ಕೊ. ನಿಮ್ಮನೆ ಎಮ್ಮೆ ಪರೀಕ್ಷೆಗೆ ಬರುವುದಿಲ್ಲ."

ಆ ಪಾಠಕ್ಕೆ 'ಉತ್ತಮ ಹೊಂದಾಣಿಕೆ' ಎಂದು ಮೆಚ್ಚುಗೆಯ ಪತ್ರ ಬಂತು. ನಾನು ಸ್ಟಾಫ್ ರೂಮಿನಲ್ಲಿ ಕೂಗಾಡಿದೆ. ಮಾಸ್ಟ್ರು ಆ ಪತ್ರಕ್ಕೆ ಫ್ರೇಮು ಹಾಕಿಸಿದರು.

ಹೆಜ್ಜೆ ಮೂರು

ಉಬ್ಬರವಿಳಿತದ ಪಾಠ ನನ್ನ ಪಾಲಿಗೆ ಬಂತು. ಬರೆದವರು ಯಾರೋ ಬಯಲುಸೀಮೆಯವರು. 'ಹೆಜ್ಜೆ ಮೂರು: ಮಕ್ಕಳು ಸಮುದ್ರ ನೋಡಿರುವುದಿಲ್ಲ. ಆದ್ದರಿಂದ ಬಕೆಟ್ಟಿಗೆ ನೀರು ತುಂಬಿ ಅಲ್ಲಾಡಿಸಿ ತೋರಿಸಿ.' ಅವರದ್ದು ತಪ್ಪಲ್ಲ, ಪಾಪ, ಅವರ ಮಕ್ಕಳಿಗೆ ಅವರು ಬರೆದದ್ದು. ನನ್ನ ಮಕ್ಕಳಲ್ಲಿ ಅರ್ಧದಷ್ಟು ಮೀನುಗಾರರ ಮನೆಯವರು. ಅವರನ್ನು ಕಡಲಿಗೇ ಕರೆದುಕೊಂಡು ಹೊರಟಿದ್ದೆ. ಅಷ್ಟರಲ್ಲಿ ಅದೇ ಸಂಪನ್ಮೂಲ ವ್ಯಕ್ತಿ ಪಾಠ ನೋಡಲು ಬಂದರು.

"ಹೆಜ್ಜೆ ಮೂರರ ಬಕೆಟ್ಟು ಎಲ್ಲಿ ಮೇಡಂ?"

"ಸಾರ್, ಕಿಟಕಿಯಾಚೆ ಸಮುದ್ರವೇ ಇದೆಯಲ್ಲ."

ಅವರು ಹಾಳೆಯ ಮೇಲೆ ಬೆರಳಾಡಿಸಿ ಹುಡುಕಿದರು. "ಪಟ್ಟಿಯಲ್ಲಿ ಸಮುದ್ರ ಇಲ್ಲ. ಬಕೆಟ್ಟು ಇದೆ."

ನನಗೆ ಮೈಯೆಲ್ಲ ಉರಿಯಿತು. ಆದರೂ ಕೈತೋಟದ ಬಕೆಟ್ಟು ತರಿಸಿ, ದೋಣಿಯವರ ಮಕ್ಕಳ ಮುಂದೆ ನೀರು ಅಲ್ಲಾಡಿಸಿದೆ. ಮಕ್ಕಳು ನನ್ನನ್ನು ನೋಡಿದ ರೀತಿಗೆ ಇವತ್ತೂ ನಾಚಿಕೆಯಾಗುತ್ತದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಸಂಪನ್ಮೂಲ ವ್ಯಕ್ತಿ ಕೈ ಎತ್ತಿದರು.

"ಮೇಡಂ, ಕಿಟಕಿ ಮುಚ್ಚಿಸಿ. ಸಮುದ್ರದ ಗಲಾಟೆಗೆ ಪಾಠ ಕೇಳಿಸುತ್ತಿಲ್ಲ."

ಮೂಲ ಮತ್ತು ಅನುಮತಿ

ಅವತ್ತೇ ಹಟ ಹಿಡಿದೆ. ಈ ಪಾಠವನ್ನು ನಮ್ಮ ಕಡಲಿಗೆ ಹೊಂದಿಸಿ ಬರೆಯಬೇಕು, ತಾಲೂಕಿನ ಸಮಿತಿಯಿಂದ ಒಪ್ಪಿಗೆ ಪಡೆಯಬೇಕು. ಒಪ್ಪಿದರೆ ಕರಾವಳಿಯ ಎಲ್ಲ ಶಾಲೆಗೂ ಅದೇ ಹೋಗುತ್ತದೆ. ಒಪ್ಪದಿದ್ದರೆ ಎಲ್ಲ ಕಡೆಯೂ ಬಕೆಟ್ಟೇ ಗತಿ.

ಒಂಬತ್ತನೇ ತರಗತಿಯ ಒಬ್ಬಳ ತಾಯಿ ಮೀನು ಮಾರುವವರು. ನೀರು ಇಳಿದ ಹೊತ್ತಿಗೆ ಹೊಳೆಬಾಯಿಗೆ ಹೋಗಿ ಚಿಪ್ಪು ಹೆಕ್ಕುತ್ತಾರೆ. ನೀರು ಇಳಿಯುವ ಹೊತ್ತು ಹೇಗೆ ಗೊತ್ತಾಗುತ್ತದೆ ಅಂತ ಅವರ ಹತ್ತಿರ ಕೇಳಿದೆ. "ಹ್ವಾಯ್ ಟೀಚರೇ, ಅದ್ರಲ್ಲಿ ಎಂತ ಇತ್ತ್? ಇವತ್ತ್ ನೀರ್ ಇಳ್ದ ಹೊತ್ತಿಗಿಂತ ನಾಳೆ ಎರಡ್ ಗಳಿಗಿ ತಡ. ಅಮಾಸಿ, ಹುಣ್ಣಿಮಿಗೆ ಏರೂದೂ ಜಾಸ್ತಿ, ಇಳಿವುದೂ ಜಾಸ್ತಿ. ಚಂದ್ರನ್ ಕಂಡ್ ಹೋಪ್ದ್, ಗಡಿಯಾರ ಕಂಡಲ್ಲ."

ಎರಡು ವಾರ ಮಕ್ಕಳೊಂದಿಗೆ ಹೊಳೆಬಾಯಲ್ಲಿ ಕೋಲು ನೆಟ್ಟು ಅಳೆದೆವು. ಆಕೆ ಹೇಳಿದ್ದು ಸರಿಯಾಗಿತ್ತು: ದಿನಕ್ಕೆ ಎರಡು ಗಳಿಗೆ, ಅಂದರೆ ಸುಮಾರು ಮುಕ್ಕಾಲು ಗಂಟೆ ತಡ. ಅಷ್ಟನ್ನೂ ಬರೆದು ಸಮಿತಿಯ ಮುಂದಿಟ್ಟೆ. ಸಮಿತಿಯಲ್ಲೂ ಅದೇ ಸಂಪನ್ಮೂಲ ವ್ಯಕ್ತಿ.

"ಪಾಠ ಚೆನ್ನಾಗಿದೆ. ಈ ಎರಡು ಗಳಿಗೆಯ ಮೂಲ ಯಾವುದು?"

"ನನ್ನ ವಿದ್ಯಾರ್ಥಿನಿಯ ತಾಯಿ, ಸಾರ್."

"ಹಾಗಾದರೆ ಅವರ ಲಿಖಿತ ಅನುಮತಿ ಬೇಕು. ಬೇರೆಯವರದ್ದನ್ನು ಹಾಗೆಲ್ಲ ಹಂಚುವ ಹಾಗಿಲ್ಲ."

ಒಂಟೆಯನ್ನು ಎಮ್ಮೆ ಮಾಡುವಾಗ ಒಂಟೆಯನ್ನು ಯಾರಾದರೂ ಕೇಳಿದ್ದರೇ? ಬಾಯಿಗೆ ಬಂದದ್ದನ್ನು ನುಂಗಿಕೊಂಡು ಆ ತಾಯಿಯನ್ನು ಸಮಿತಿಯ ಕಚೇರಿಗೆ ಕರೆಸಿದೆ. ಮಾರ್ಕೆಟ್ಟಿನ ಕೆಲಸ ಮುಗಿಸಿ, ಬುಟ್ಟಿಯನ್ನು ಜಗಲಿಯಲ್ಲಿಟ್ಟು ಒಳಗೆ ಬಂದರು. ಸಂಪನ್ಮೂಲ ವ್ಯಕ್ತಿ ಫಾರ್ಮನ್ನು ಗಟ್ಟಿಯಾಗಿ ಓದಿದರು: "ಈ ವಿಷಯದ ಸಂಪೂರ್ಣ ಹಕ್ಕು ನನ್ನದಾಗಿದ್ದು, ಅದನ್ನು ಎಲ್ಲರೂ ಬಳಸಲು ಒಪ್ಪಿದ್ದೇನೆ. ಇಲ್ಲಿ ಸಹಿ ಹಾಕಿ."

ಆಕೆ ಪೆನ್ನು ಮುಟ್ಟಲಿಲ್ಲ. "ಸುಳ್ಳಿಗ್ ನಾ ಸೈನ್ ಹಾಕೂದಿಲ್ಲೆ ಮಾರ್ರೆ. ನೀರ್ ಬಪ್ದ್, ಹೋಪ್ದ್ ನಾ ಮಾಡಿದ್ದಾ? ಸಮುದ್ರದ್ ಅದ್. ಅದ್ರ ಹತ್ರವೇ ಕೇಳಿ."

ಹೇಳಿ, ಬುಟ್ಟಿ ಎತ್ತಿಕೊಂಡು ಬಸ್ಸಿಗೆ ಹೋದರು. ಸಂಪನ್ಮೂಲ ವ್ಯಕ್ತಿ ನಗಲಿಲ್ಲ. ತಲೆಯಾಡಿಸಿ ಏನೋ ಬರೆದುಕೊಂಡರು.

ತಿಂಗಳ ಮೇಲೆ ನನ್ನ ಪಾಠ ವಾಪಸು ಬಂತು. ಮೇಲೆ ಮೊಹರು, ಸಹಿ, ಎಲ್ಲವೂ ಇತ್ತು. ಕೆಳಗೆ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದಿದ್ದರು:

'ಗುಣಮಟ್ಟ: ಉತ್ತಮ. ಮೂಲ: ಸಮುದ್ರ. ಸದರಿಯವರ ಅನುಮತಿ ಪತ್ರ ಲಗತ್ತಿಸಿಲ್ಲ.'