ಮೂರು ಪ್ರತಿ, ಒಂದು ಒರೆಸುವ ಬಟ್ಟೆ

ಒರೆಸುವ ಬಟ್ಟೆ ಕೈಗೆ ಸಿಕ್ಕಿದರೆ ನನ್ನ ಬುದ್ಧಿ ರಜೆ ಹಾಕುತ್ತದೆ. ಅಲ್ಲಾಳಸಂದ್ರದ ನಮ್ಮ ಮನೆಯಲ್ಲಿ ಪ್ರತಿ ಆಯುಧಪೂಜೆಗೂ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದು, ಒಣಗಿದ್ದನ್ನು ಒಣಗಿದ ಹಾಗೆ ಸಿಕ್ಕ ಜಾಗದಲ್ಲಿ ಮೇಲಿಡುತ್ತೇನೆ. ಆಮೇಲೆ ಒಂದು ವಾರ ನಮ್ಮೆಜಮಾನರು ಹಳೆಯ ಜಾಗಕ್ಕೇ ಕೈಹಾಕಿ, ಸಕ್ಕರೆಯೆಂದು ಕಾಫಿಗೆ ಉಪ್ಪು ಹಾಕಿಕೊಳ್ಳುತ್ತಾರೆ. ಒಂದು ಮಾತೂ ಆಡದೆ ಕುಡಿದೂ ಬಿಡುತ್ತಾರೆ. ಮದುವೆಯಾಗಿ ಇಪ್ಪತ್ತಾರು ವರ್ಷವಾದವರ ದುಃಖ ಅಂಥದ್ದು.

ಈ ಚಾಳಿಯನ್ನು ಮನೆಯಲ್ಲೇ ಬಿಟ್ಟು ಹೆಬ್ಬಾಳದ ಆಫೀಸಿಗೆ ಹೋಗಿದ್ದರೆ ಇದನ್ನು ಬರೆಯಬೇಕಿರಲಿಲ್ಲ. ಸುತ್ತಲಿನ ಸ್ಟುಡಿಯೋದವರು ತೆಗೆದ ಮದುವೆ ವಿಡಿಯೋಗಳನ್ನು ಕಾಪಾಡುವುದು ನಮ್ಮ ಕೆಲಸ. ಮೂರು ರ್ಯಾಕ್‌ಗಳ ತುಂಬ ಸರ್ವರ್‌ಗಳು, ಪ್ರತಿ ವಿಡಿಯೋಗೂ ಮೂರು ಪ್ರತಿ. ಮೊದಲು ಆ ಪ್ರತಿಗಳು ಯಾವುದಾದರೂ ಮೂರು ಸರ್ವರ್‌ಗಳಲ್ಲಿದ್ದರೆ ಸಾಕಿತ್ತು. ಮೂರೂ ಒಂದೇ ರ್ಯಾಕಿನಲ್ಲಿ ಕೂತು, ಆ ರ್ಯಾಕಿಗೇ ಏನಾದರೂ ಆದರೆ? ನಾನೇ ಸೆಟ್ಟಿಂಗ್ ಬದಲಿಸಿ, ರ್ಯಾಕಿಗೊಂದೇ ಪ್ರತಿ ಎಂದು ಮಾಡಿದೆ. ಯಾವ ಸರ್ವರ್ ಯಾವ ರ್ಯಾಕಿನಲ್ಲಿದೆ ಎಂಬ ಪಟ್ಟಿಯನ್ನೂ ಕೈಯಾರೆ ತುಂಬಿದೆ; ಪ್ರತಿ ಎಲ್ಲಿಡಬೇಕೆಂದು ಸಿಸ್ಟಮ್ ನೋಡುವುದು ಅದನ್ನೇ. ಪ್ರತಿಗಳೆಲ್ಲ ಹೊಸ ಜಾಗ ಸೇರಲು ನಾಲ್ಕು ದಿನ ಹಿಡಿಯಿತು. ಹೆಮ್ಮೆ ತಡೆಯದೆ ಸ್ಟುಡಿಯೋದವರಿಗೆಲ್ಲ ಫೋನ್ ಮಾಡಿ ಹೇಳಿದೆ.

ಅಷ್ಟರಲ್ಲಿ ಆಯುಧಪೂಜೆ. ಸರ್ವರ್‌ಗಳಿಗೆ ಕುಂಕುಮ ಇಡಲು ಹೋದವಳಿಗೆ ಧೂಳು ಕಂಡಿತು. ಎಲ್ಲವನ್ನೂ ಆಫ್ ಮಾಡಿಸಿ, ಹೊರಗೆಳೆಸಿ, ಒರೆಸಿ, ಬೊಟ್ಟಿಟ್ಟು, ಯಾವುದು ಯಾವ ರ್ಯಾಕಿನದೆಂದು ನೋಡದೆ ಖಾಲಿ ಕಂಡ ಕಡೆ ಸೇರಿಸಿದೆ. ಆನ್ ಮಾಡಿದರೆ ಎಲ್ಲ ಹಸಿರು ದೀಪ. ಪಟ್ಟಿ ಮಾತ್ರ ನಮ್ಮೆಜಮಾನರ ಕೈಯ ಹಾಗೆ ಹಳೆಯ ಜಾಗವನ್ನೇ ನಂಬಿಕೊಂಡಿತ್ತು.

ಬೇಸಿಗೆಯ ಒಂದು ಮಧ್ಯಾಹ್ನ ಕರೆಂಟು ಏರಿಳಿದು ನಡುವಿನ ರ್ಯಾಕ್ ಪೂರ್ತಿ ಸುಟ್ಟುಹೋಯಿತು. ಇನ್ನೆರಡು ಕಡೆ ಪ್ರತಿ ಇದೆಯಲ್ಲ ಎಂದು ನಾನು ಟೀ ಕುಡಿದೆ. ಟೀ ಮುಗಿಯುವ ಹೊತ್ತಿಗೆ, ಕೆಲವು ಮದುವೆಗಳ ಮೂರೂ ಪ್ರತಿ ಆ ಒಂದೇ ರ್ಯಾಕಿನಲ್ಲಿದ್ದವೆಂದು ತಿಳಿಯಿತು. ಉಳಿದ ಸ್ಟುಡಿಯೋದವರ ಬಳಿ ಅವರದೇ ಒಂದು ಪ್ರತಿ ಇತ್ತು. ಬ್ಯಾಟರಾಯನಪುರದ ಮುನಿರಾಜು ಮಾತ್ರ ನನ್ನ ಫೋನನ್ನು ನಂಬಿ ತಮ್ಮದನ್ನು ಅಳಿಸಿಬಿಟ್ಟಿದ್ದರು.

ಅವರೇ ಆಫೀಸಿಗೆ ಬಂದರು. ಅವರು ತೆಗೆದಿದ್ದ, ಈಗ ಕಳೆದುಹೋದ ಒಂದು ಮದುವೆಯ ಮದುಮಗಳ ತಂದೆ ಹೋದ ತಿಂಗಳು ತೀರಿಕೊಂಡಿದ್ದರಂತೆ. ಧಾರೆಯಾದ ಮೇಲೆ ಅಪ್ಪ ತನಗೆ ಹೇಳಿದ ನಾಲ್ಕು ಮಾತನ್ನು ಮತ್ತೊಮ್ಮೆ ಕೇಳಬೇಕೆಂದು ಆಕೆ ವಿಡಿಯೋ ಕೇಳಿದ್ದಳು.

"ಮೂರು ಕಡೆ ಇಟ್ಟಿದೀವಿ, ನಿಶ್ಚಿಂತೆಯಾಗಿರಿ ಅಂದಿದ್ರಲ್ಲ ಮೇಡಂ. ಈಗ ಆ ಮಗೂಗೆ ಏನ್ ಹೇಳ್ಲಿ?"

"ನಾನೇ ಹೋಗಿ ಹೇಳ್ತೀನಿ ಕಣ್ರೀ," ಎಂದೆ.

ಪುಟ್ಟೇನಹಳ್ಳಿಯ ತವರಿನಲ್ಲಿದ್ದಳು ಹುಡುಗಿ. ಪಟ್ಟಿ, ರ್ಯಾಕ್, ಬಟ್ಟೆ ಒಂದನ್ನೂ ಮುಚ್ಚಿಡದೆ ಹೇಳಿದೆ. "ಒರೆಸಿದ್ದಕ್ಕಾ ಆಂಟಿ?" ಎಂದಳು. "ಹೂಂ ಕಣಮ್ಮ," ಎಂದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಎದ್ದು ಹೋಗಿ ಕಾಫಿ ತಂದಳು. ತಿಥಿಗೆ ಬಂದ ನೆಂಟರು ಅಡುಗೆಮನೆಯನ್ನೆಲ್ಲ ತೊಳೆದು ಜೋಡಿಸಿ ಹೋಗಿದ್ದರಂತೆ. ಮಗಳ ಕೈ ಹಳೆಯ ಜಾಗಕ್ಕೇ ಹೋಗಿತ್ತು. ಮೊದಲ ಗುಟುಕಿಗೇ ಉಪ್ಪು. ಒಂದು ಮಾತೂ ಆಡದೆ ಕುಡಿದು ಮುಗಿಸಿದೆ.

ಲೋಟ ಇಡುವಾಗ ಟೀಪಾಯಿಯ ಮೇಲೆ ಧೂಳು ಕಂಡಿತು. ಆಗಲೇ ಸೆರಗು ಹಿಡಿದಿದ್ದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕೂತೆ.